ವಿಮಾನ ಮೈದಾನದ ಕಾಕಾ

ನಮ್ಮ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ವಿಮಾನ ಇಳಿಯುತ್ತಿತ್ತು ಎಂದು ನನಗೆ ಹೇಳಿದವರು ಪಕ್ಕದ ಮನೆಯ ಕಾಕಾ. ತೊಂಬತ್ತರ ದಶಕದ ಶುರು. ಲಂಡನ್ನಿನ ಕಿಂಗ್ಸ್‌ಬರಿಯ ಈ ಮನೆಗೆ ನಾವು ಬಂದು ಮೂರು ದಿನವಾಗಿತ್ತಷ್ಟೇ. ರಟ್ಟಿನ ಡಬ್ಬಗಳ ನಡುವೆ ಕುಕ್ಕರಿನ ವೆಯ್ಟ್ ಹುಡುಕುತ್ತಾ ನಾನು ಗಂಡನ ಮೇಲೆ ರೇಗಾಡುತ್ತಿದ್ದೆ. ಬೆಲ್ ಆಯಿತು. ಬಾಗಿಲು ತೆಗೆದರೆ, ಜೂನ್ ತಿಂಗಳ ಬಿಸಿಲಿನಲ್ಲಿ ಕತ್ತಿಗೆ ಮಫ್ಲರ್ ಸುತ್ತಿ, ಕಿವಿಗೆ ದಪ್ಪ ಪೆನ್ಸಿಲ್ ಸಿಕ್ಕಿಸಿಕೊಂಡ ಕುಳ್ಳಗಿನ ಮನುಷ್ಯ. ಕೈಯಲ್ಲಿ ಶೇಂಗಾ ಚಟ್ನಿಯ ಬಾಟಲಿ.

“ಗ್ವಾಡಿ ಆಚಿಂದ ಕನ್ನಡ ಕೇಳಿಸ್ತು. ಗಂಡಗ ಬೈಯಾಕತ್ತಿದ್ದಿ. ಯಾವೂರವಾ ತಂಗಿ?”

“ಮೈಸೂರು.”

“ಅದಕ್ಕ ಮತ್ತ, ಬೈಗಳಾನೂ ಮೆತ್ತಗಿದ್ದುವು.”

ಬನ್ನಿ ಎನ್ನುವ ಮುಂಚೆಯೇ ಒಳಗೆ ಬಂದರು. ಹಾಲ್‌ನಲ್ಲಿ ನಾನು ಹಿಂದಿನ ದಿನವಷ್ಟೇ ನೇತುಹಾಕಿದ್ದ ಪರದೆಯ ಅಂಚನ್ನು ಹಿಡಿದು, ಮಗುಚಿ, ಒಳಗಿನ ಹೊಲಿಗೆ ನೋಡಿ “ಛೇ” ಎಂದರು. ನೆಟ್ಟಗೆ ಅಡುಗೆಮನೆಗೆ ನಡೆದು ಸಿಂಕಿನ ಪಕ್ಕ ನಿಂತರು. “ಇಲ್ಲೆ ನೋಡವಾ. ನೀ ನಿಂತಿ ಅಲ್ಲ, ಇಲ್ಲೇ ವಿಮಾನದ ಗಾಲಿ ನೆಲಾ ಮುಟ್ಟೂದು. ಉರಳಕೋತ ಉರಳಕೋತ ಬಸ್ ಸ್ಟಾಪಿನ ತನಾ ಹೋಗೂದು. ಒಗ್ಗರಣಿ ಹಾಕು ಮುಂದ ಒಮ್ಮೆ ನೆನಸ್ಕೋ.” ಇಷ್ಟು ಹೇಳಿ, ಚಟ್ನಿ ಇಟ್ಟು ಹೊರಟೇಹೋದರು. ಪಕ್ಕದ ಮನೆಯವರಿಗೆ ಒಂದು ಸುತ್ತು ಕಮ್ಮಿ ಎಂದು ಆ ರಾತ್ರಿ ನಾನೂ ನನ್ನ ಗಂಡನೂ ಒಮ್ಮತದಿಂದ ತೀರ್ಮಾನಿಸಿದೆವು. ಚಟ್ನಿ ಮಾತ್ರ ಬೆಳಗಾಗುವುದರೊಳಗೆ ಅರ್ಧ ಬಾಟಲಿ ಖಾಲಿಯಾಗಿತ್ತು.

ಅವರಿಗೆ ಒಂದು ಹೆಸರಿತ್ತು. ಅದು ಗ್ಯಾಸ್ ಬಿಲ್ಲಿನ ಮೇಲೆ ಮಾತ್ರ ಕಾಣುತ್ತಿತ್ತು. ಕಿಂಗ್ಸ್‌ಬರಿಯಿಂದ ಹ್ಯಾರೋ ತನಕ ಇದ್ದ ಕನ್ನಡದವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಧಾರವಾಡದಲ್ಲಿ ಅವರ ಅಪ್ಪನದು ದರ್ಜಿ ಅಂಗಡಿ. ಕಾಕಾ ಚಿಕ್ಕ ವಯಸ್ಸಿನಲ್ಲೇ ಲಂಡನ್ನಿಗೆ ಬಂದು ಬಸ್ ಗ್ಯಾರೇಜಿನ ವರ್ಕ್‌ಶಾಪಿನಲ್ಲಿ ಸೀಟಿಗೆ ಬಟ್ಟೆ ಹೊದಿಸುವ ಕೆಲಸಕ್ಕೆ ಸೇರಿದವರು. “ಲಂಡನ್ನಿನ ಅರ್ಧ ಮಂದಿ ನನ್ನ ಕೆಲಸದ ಮ್ಯಾಲೆ ಕುಂತಾರವಾ. ಎದ್ದು ನಿಂತು ಥ್ಯಾಂಕ್ಸ್ ಅಂದವ ಒಬ್ಬನೂ ಇಲ್ಲ” ಎಂದು ಹೇಳಿ ತಾವೇ ನಗುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಸೋಫಾದ ಕೆಳಗೆ ಕೈ ಹಾಕಿ ತಡವುತ್ತಿದ್ದರು. ಹೊಸಬರು ಕಾಕಾ ಏನೋ ಕಳಕೊಂಡಿದ್ದಾರೆಂದು ತಾವೂ ಬಗ್ಗಿ ಹುಡುಕುತ್ತಿದ್ದರು.

ಮೈದಾನದ ಹುಚ್ಚು ಹತ್ತಿದ್ದು ಮೆಂತ್ಯದ ದೆಸೆಯಿಂದ. ಹಿತ್ತಲಲ್ಲಿ ಮೆಂತ್ಯ ಹಾಕಲು ಅಗೆಯುವಾಗ ಗುದ್ದಲಿಗೆ ಒಂದು ಕಬ್ಬಿಣದ ತುಂಡು ಸಿಕ್ಕಿತಂತೆ. ಎರಡು ತುದಿಗೂ ಕಣ್ಣು, ನಡುವೆ ತಿರುಗಿಸುವ ತಿರುಪು. ಗ್ಯಾರೇಜಿಗೆ ಒಯ್ದು ತೋರಿಸಿದಾಗ ಒಬ್ಬ ಹಳೆಯ ಫಿಟ್ಟರ್, ಇದು ವಿಮಾನದ ರೆಕ್ಕೆಯ ತಂತಿ ಬಿಗಿಮಾಡುವ ತಿರುಪು, ನಿಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ವಿಮಾನ ಮೈದಾನವಾಗಿತ್ತಲ್ಲ ಎಂದನಂತೆ. ಅಷ್ಟೇ ಸಾಕಾಯಿತು. ಕಾಕಾ ಆ ತುಂಡನ್ನು ತೊಳೆದು, ಎಣ್ಣೆ ಹಚ್ಚಿ, ದೇವರ ಜಗುಲಿಯ ಮೇಲೆ ವೀರಭದ್ರ ದೇವರ ಪಕ್ಕದಲ್ಲಿಟ್ಟರು. ಆಯುಧಪೂಜೆಯ ದಿನ ಮೊದಲ ಹೂವು ಅದಕ್ಕೆ. ಕಾಕು ನನ್ನ ಹತ್ತಿರ ಗೊಣಗುತ್ತಿದ್ದರು: “ಆ ಕಬ್ಬಿಣದ ಪೂಜಿ ಮುಗಿಯೂತನಾ ಮನ್ಯಾಗ ಚಹಾ ಇಲ್ಲವಾ. ಏನ ಹೇಳ್ಲಿ ಈ ಮನಷ್ಯಾಗ!”

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಲ್ಲಿದ್ದದ್ದು ಬರೀ ಹುಲ್ಲಿನ ಬಯಲು. ಸಿಮೆಂಟಿನ ರನ್‌ವೇ ಇಲ್ಲ, ಕಾವಲಿನವನಿಲ್ಲ. ಒಂದು ಮರದ ಕ್ಲಬ್ಬು, ಒಂದು ತಗಡಿನ ದೊಡ್ಡ ಶೆಡ್ಡು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಒಂದು ಬಟ್ಟೆಯ ಚೀಲ. ಶನಿವಾರ ಭಾನುವಾರ ದುಡ್ಡಿದ್ದವರು ಬಂದು ವಿಮಾನ ಹಾರಿಸುತ್ತಿದ್ದರು. ದುಡ್ಡಿಲ್ಲದವರು ಬೇಲಿಗೆ ಆತು ನಿಂತು ನೋಡುತ್ತಿದ್ದರು. ಮಧ್ಯದವರು ಕೆಲವು ಶಿಲಿಂಗ್ ಕೊಟ್ಟು ಒಂದು ಸುತ್ತು ಹಾಕಿಸಿಕೊಂಡು, ಇಳಿದ ಮೇಲೆ ವಾಂತಿ ಮಾಡುತ್ತಿದ್ದರು. ಪಕ್ಕದ ರೈತನ ದನಗಳು ಅಲ್ಲೇ ಮೇಯುತ್ತಿದ್ದವು. ವಿಮಾನ ಇಳಿಯುವ ಹೊತ್ತಿಗೆ ಯಾರಾದರೂ ಓಡಿಹೋಗಿ ಅವನ್ನು ಅಟ್ಟಬೇಕಿತ್ತು. ಇದನ್ನು ಹೇಳುವಾಗ ಕಾಕಾರ ಮುಖ ಅರಳುತ್ತಿತ್ತು. “ದನಾ ಹೊಡದು ವಿಮಾನ ಇಳಸ್ತಿದ್ರವಾ! ಅಂದ ಮ್ಯಾಲೆ ಇದು ನಮ್ಮೂರ ಹಂಗs ಇತ್ತು.” ಆಮೇಲೆ ರೈಲು ಬಂತು, ರೈಲಿನ ಹಿಂದೆ ಮನೆ ಕಟ್ಟುವವರು ಬಂದರು. ಸುತ್ತ ಎಲ್ಲ ಕಡೆ ಚಿಮಣಿಗಳು ಎದ್ದ ಮೇಲೆ ವಿಮಾನ ಇಳಿಸುವುದು ಕಷ್ಟವಾಯಿತು. ಜಾಗ ಮಾರಾಟವಾಯಿತು. ಕೊನೆಯ ನಾಲ್ಕಾರು ವಿಮಾನಗಳು ಒಂದು ದಿನ ಹಾರಿಹೋದವು. ತಗಡಿನ ಶೆಡ್ಡಿನಲ್ಲಿ ನಾವು ಬರುವ ಕಾಲಕ್ಕೆ ಕಾರ್ಪೆಟ್ ಮಾರುತ್ತಿದ್ದರು.

ಈ ಚರಿತ್ರೆಯನ್ನು ಕಾಕಾ ನಮಗೆಲ್ಲ ತೋರಿಸದೆ ಬಿಡಲಿಲ್ಲ. ಒಂದು ಭಾನುವಾರ ಹತ್ತು ಕನ್ನಡ ಕುಟುಂಬಗಳನ್ನು ಕಟ್ಟಿಕೊಂಡು ಮೈದಾನದ ಪ್ರದಕ್ಷಿಣೆಗೆ ಹೊರಟರು. ಹೆಂಗಸರು ಪಿಕ್‌ನಿಕ್ ಎಂದುಕೊಂಡು ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ನೋಡಲು ಏನಿದೆ? ಬರೀ ಮನೆಗಳ ಸಾಲು, ಮನೆಗಳ ಮುಂದೆ ಕಸದ ಡಬ್ಬಿಗಳು. ಕಾಕಾ ಹೆಜ್ಜೆಯಿಂದ ಅಳೆಯುತ್ತಾ ಮುಂದೆ, ನಾವು ಹಿಂದೆ. ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದ ಒಬ್ಬ ಇಂಗ್ಲಿಷ್ ಮುದುಕನ ಮುಂದೆ ಗಕ್ಕನೆ ನಿಂತು, “ಸರ್, ನೀವು ನಿಂತಿರುವುದು ಗಾಳಿಚೀಲದ ಕಂಬದ ಮೇಲೆ” ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದರು. ಆತ ಪಾಪ, ಒಂದು ಕಾಲೆತ್ತಿ ಕೆಳಗೆ ನೋಡಿಕೊಂಡ. ಒಂದೊಂದು ತಿರುವಿನಲ್ಲಿ ಒಂದೊಂದು ಕುಟುಂಬ ತಲೆನೋವು, ಮಗುವಿಗೆ ಹಸಿವು ಎಂದು ಜಾರಿಕೊಂಡಿತು. ಕಾರ್ಪೆಟ್ ಅಂಗಡಿ ಮುಟ್ಟುವ ಹೊತ್ತಿಗೆ ಉಳಿದವರು ನಾನು, ನನ್ನ ಗಂಡ, ಚಿತ್ರಾನ್ನದ ಡಬ್ಬಿ ಹೊತ್ತ ಕಾಕು. ಕಾಕಾ ಹಿಂತಿರುಗಿ ನೋಡಲೇ ಇಲ್ಲ. ನಲವತ್ತು ಜನರಿಗೆ ಹೇಳುವ ದನಿಯಲ್ಲೇ ಮೂವರಿಗೆ ಹೇಳಿ ಮುಗಿಸಿದರು.

ಅವರಿಗೆ ಇದನ್ನು ಪುಸ್ತಕ ಮಾಡುವ ಆಸೆ. ಅದಕ್ಕಾಗಿ ಮೈದಾನದಲ್ಲಿ ದುಡಿದ, ಇನ್ನೂ ಬದುಕಿದ್ದ ಮುದುಕ ಮುದುಕಿಯರನ್ನು ಹುಡುಕಿ ಹುಡುಕಿ ಮಾತಾಡಿಸುತ್ತಿದ್ದರು. ಮೊದಲು ಟೇಪ್ ರೆಕಾರ್ಡರ್ ಒಯ್ದರಂತೆ. ಅದನ್ನು ಕಂಡದ್ದೇ ಎಲ್ಲರೂ ನೆಟ್ಟಗೆ ಕುಳಿತು ರೇಡಿಯೋ ವಾರ್ತೆಯವರ ಹಾಗೆ ಮಾತಾಡತೊಡಗಿದರಂತೆ. ಅಂದಿನಿಂದ ನೋಟ್‌ಬುಕ್ಕು, ಪೆನ್ಸಿಲ್ಲು. ಒಂದು ದಿನ ನೋಟ್‌ಬುಕ್ ತೆರೆದು ನೋಡಿ ನಾನು ಬೆಚ್ಚಿಬಿದ್ದೆ. ಇಡೀ ಪುಸ್ತಕ ಕನ್ನಡದಲ್ಲಿತ್ತು. ಅದೂ ಧಾರವಾಡದ ಕನ್ನಡ. ಕ್ಲಬ್ಬಿನ ಇಂಗ್ಲಿಷ್ ಮೆಕ್ಯಾನಿಕ್ಕು “ಪಂಖಾ ತಿರವಿ ತಿರವಿ ರಟ್ಟಿ ಬಿದ್ದ ಹೋದುವ್ರಿ” ಎನ್ನುತ್ತಿದ್ದ. ದನದ ರೈತ “ನಮ್ಮ ಆಕಳಾ ಅಂಜಿ ಹಾಲ ಕೊಡವಲ್ದ್ರೀ” ಎಂದು ಗೋಳಾಡುತ್ತಿದ್ದ.

“ಅಲ್ಲ ಕಾಕಾ, ಇಂಗ್ಲೆಂಡಿನಲ್ಲಿ ಕೂತು, ಇಂಗ್ಲಿಷರ ಮಾತನ್ನ, ಇಂಗ್ಲಿಷರ ಮೈದಾನದ ಬಗ್ಗೆ ಕನ್ನಡದಲ್ಲಿ ಯಾಕೆ ಬರೀತೀರಿ?”

“ಇಂಗ್ಲಿಷಿನಾಗ ಬರದ್ರ ಸ್ಪೆಲ್ಲಿಂಗಿನ ಕಡೆ ಲಕ್ಷ್ಯ ಹೋಗ್ತೈತಿ ತಂಗಿ. ಕಿವಿ ಬಂದ್ ಆಗ್ತೈತಿ. ಕನ್ನಡದಾಗ ಆದ್ರ ಕೇಳಿದ್ದು ಕೇಳಿದಂಗ ಬರ್ತೈತಿ.”

ಕೇಳಿದ್ದು ಕೇಳಿದಂತೆ! ಮೆಕ್ಯಾನಿಕ್ಕು ಧಾರವಾಡದವನಾದದ್ದು ಹಾಗಿರಲಿ. ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಒಬ್ಬ ಬಿಗುಮಾನದ ಹೆಂಗಸಿನ ಮಾತು ನೋಡುತ್ತೇನೆ, “ದಯವಿಟ್ಟು ಹುಲ್ಲಿನ ಮೇಲೆ ನಡೆಯಬೇಡಿ, ನಮಗೆ ಅದೆಲ್ಲ ಸರಿಬರೋದಿಲ್ಲ” ಅಂತ ಅಪ್ಪಟ ಮೈಸೂರು ಕನ್ನಡ. ನನಗೆ ಉರಿದುಹೋಯಿತು. “ಇಡೀ ಮೈದಾನದಲ್ಲಿ ಸೊಕ್ಕಿನವಳು ಅವಳೊಬ್ಬಳು. ಅವಳಿಗೆ ಮಾತ್ರ ನಮ್ಮೂರ ಮಾತು ಕೊಟ್ಟಿದ್ದೀರಲ್ಲ?” ಎಂದರೆ, ಕಾಕಾ ಮಫ್ಲರ್ ಸರಿಮಾಡಿಕೊಂಡು, “ಆಕಿ ಮಾತಾಡಿದ್ದು ಹಂಗs ಇತ್ತವಾ, ನಾ ಏನ್ ಮಾಡ್ಲಿ” ಎಂದರು. ಎರಡು ವಾರ ನಾನು ಅವರಿಗೆ ಫಿಲ್ಟರ್ ಕಾಫಿ ಕೊಡಲಿಲ್ಲ.

ಆ ನೋಟ್‌ಬುಕ್ಕುಗಳಲ್ಲಿ ಒಂದು ಬೇರೆಯೇ ಇತ್ತು, ಹಸಿರು ರಟ್ಟಿನದು. ಅದು ಐವಿಯದು. ಕಾಕಾರ ಗ್ಯಾರೇಜಿನಲ್ಲಿ ಕೀತ್ ಎಂಬ ಬಸ್ ಡ್ರೈವರ್ ಇದ್ದ. ಮೈದಾನದ ಸುದ್ದಿ ಕೇಳಿ ಅವನು, “ನಮ್ಮಮ್ಮ ಮದುವೆಗೆ ಮುಂಚೆ ಅಲ್ಲೇ ವಿಮಾನದ ರೆಕ್ಕೆ ಹೊಲೀತಿದ್ದಳು. ನಮ್ಮ ಹತ್ತಿರ ಅದರ ಬಗ್ಗೆ ಬಾಯಿ ಬಿಡೋದಿಲ್ಲ. ನಿನ್ನ ಹತ್ತಿರ ಬಿಡ್ತಾಳೇನೋ ನೋಡು” ಎಂದು ಹ್ಯಾರೋದ ಕೇರ್ ಹೋಮಿನಲ್ಲಿದ್ದ ತನ್ನ ತಾಯಿಯ ಹತ್ತಿರ ಕರೆದುಕೊಂಡು ಹೋದ. ಕೀತ್ ಹೇಳಿದ್ದನ್ನೆಲ್ಲ ನಾನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ ಅನ್ನುವುದು ಈಗ ಹೊಳೆಯಿತು. ಕಾಕಾ ಇದ್ದಿದ್ದರೆ ಚಪ್ಪಾಳೆ ತಟ್ಟಿ ನಗುತ್ತಿದ್ದರು.

ಐವಿ ಬಾಯಿ ಬಿಟ್ಟಳು. ಬಿಡದೆ ಏನು, ಕಾಕಾ ಕೇಳಿದ ಮೊದಲ ಪ್ರಶ್ನೆಯೇ “ದಾರಕ್ಕ ಮೇಣಾ ಹಚ್ತಿದ್ರೇನು?” ಎಂಬುದಂತೆ. ಎಂಬತ್ತು ದಾಟಿದ ಮುದುಕಿ ಕುರ್ಚಿಯಲ್ಲಿ ಮುಂದೆ ಸರಿದು ಕೂತಳಂತೆ. ಅಲ್ಲಿಂದ ಒಂದು ವರ್ಷ ಪ್ರತಿ ಭಾನುವಾರ ಇಬ್ಬರು ದರ್ಜಿಗಳ ಸಂಭಾಷಣೆ. ಆಗಿನ ವಿಮಾನದ ರೆಕ್ಕೆ ಎಂದರೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಲಿನನ್ ಬಟ್ಟೆ. ಗೇಣುದ್ದದ ಸೂಜಿಯಿಂದ ಮೇಲಿಂದ ಕೆಳಕ್ಕೆ ಚುಚ್ಚಿ, ಪ್ರತಿ ಹೊಲಿಗೆಗೂ ಗಂಟು ಹಾಕಬೇಕು. ಒಂದು ಬಿಟ್ಟರೂ ಪಕ್ಕದ್ದು ಹಿಡಿದುಕೊಳ್ಳಬೇಕು. ಆಮೇಲೆ ವಾರ್ನಿಷ್ ಬಳಿದರೆ ಬಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ. ಅದರ ವಾಸನೆಗೆ ತಲೆ ಸಿಡಿಯುತ್ತದೆ. ದೊಡ್ಡ ಶೆಡ್ಡಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಆರು ಹೆಂಗಸರು ಈ ಕೆಲಸ ಮಾಡುತ್ತಿದ್ದರು. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿದ್ದ ಮೈದಾನದ ಫೋಟೋಗಳಲ್ಲಿ ಹಾರಿಸಿದವರೆಲ್ಲ ಇದ್ದರು, ನಾಯಿಗಳು ಕೂಡ ಇದ್ದವು. ಹೊಲಿದವರು ಒಬ್ಬರೂ ಇರಲಿಲ್ಲ. ಕಾಕಾರಿಗೆ ಅದು ತಡೆಯಲಾಗದ ಅನ್ಯಾಯ. “ಸೀಟ ಹೊಲದವನ ಹೆಸರ ಬಸ್ಸಿನ ಮ್ಯಾಲೆ ಬರೀದಿದ್ರ ನಡೀತೈತಿ. ರೆಕ್ಕಿ ಹೊಲದಾಕಿ ಹೆಸರ ಬರೀಬೇಕವಾ” ಎನ್ನುತ್ತಿದ್ದರು.

ಒಂದು ಭಾನುವಾರ ನನ್ನನ್ನೂ ಕರೆದೊಯ್ದರು. ಬಿಳಿ ಕೂದಲಿನ, ಚೂಪು ಮೂಗಿನ ಐವಿ ನನ್ನನ್ನು ಬಾ ಎನ್ನುವ ಬದಲು ನನ್ನ ಸೀರೆಯ ಫಾಲನ್ನು ಎತ್ತಿ ಹಿಡಿದು, ಇದನ್ನು ಯಾರು ಹೊಲಿದದ್ದು ಎಂದು ಕೇಳಿದಳು. ನಾನೇ ಎಂದೆ. ಐವಿ ಕಾಕಾರ ಮುಖ ನೋಡಿದಳು, ಕಾಕಾ ಐವಿಯ ಮುಖ ನೋಡಿದರು. ಅದು ಬೈದದ್ದಕ್ಕಿಂತ ಜಾಸ್ತಿಯಾಯಿತು.

ಐವಿ ಮರುವರ್ಷ ತೀರಿಕೊಂಡಳು. ಅವಳ ಅಂತ್ಯಕ್ರಿಯೆ ಮುಗಿದ ಮೇಲೆ ಕೀತ್ ಕಾಕಾರನ್ನು ಕೇಳಿದ್ದು ಒಂದೇ, ಅಮ್ಮ ಏನೇನು ಹೇಳಿದಳು? ಕಾಕಾ, “ಎಲ್ಲಾ ಬರಕೊಂಡೀನಿ, ಇಂಗ್ಲಿಷಿಗೆ ಮಾಡಿ ಕೊಡ್ತೀನಿ, ಮುಂದಿನ ತಿಂಗಳು” ಎಂದರು. ಆ ಮುಂದಿನ ತಿಂಗಳು ಹತ್ತು ವರ್ಷ ಬರಲಿಲ್ಲ. ಕೀತ್‌ಗೂ ನಿವೃತ್ತಿಯಾಯಿತು, ಕಾಕಾರಿಗೂ ಆಯಿತು. ಕೀತ್ ಒಂದೆರಡು ತಿಂಗಳಿಗೊಮ್ಮೆ ಬಂದು, ಚಹಾ ಕುಡಿದು, ಏಳುವಾಗ ಬಾಗಿಲ ಹತ್ತಿರ ನಿಂತು ಕೇಳುವನು. ಕಾಕಾ ಅದೇ ಉತ್ತರ ಕೊಡುವರು. ನಾನಂತೂ ಸೋಮಾರಿ ಎಂದು ಅವರನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ. “ಕಾಕಾ, ಮೈದಾನ ಕಟ್ಟಿ, ಹಾರಿಸಿ, ಮುಚ್ಚಿ, ಮನೆ ಕಟ್ಟಿದ್ದಕ್ಕೂ ಇಷ್ಟು ವರ್ಷ ಹಿಡೀಲಿಲ್ಲ” ಎಂದರೆ ಹಲ್ಲು ಬಿಟ್ಟು ನಗುವರು. ಒಂದು ಸಲ ಮಾತ್ರ ನಗಲಿಲ್ಲ. ನಾನೇ ಐವಿಯ ನೋಟ್‌ಬುಕ್ಕನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ ಎಂದು ಹಸಿರು ರಟ್ಟಿನ ಮೇಲೆ ಕೈಯಿಟ್ಟೆ.

“ಅದನ್ನ ಮುಟ್ಟಬ್ಯಾಡ!”

ಹದಿಮೂರು ವರ್ಷದಲ್ಲಿ ಕಾಕಾ ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. ನನಗೆ ಮುಖಕ್ಕೆ ಹೊಡೆದಂತಾಯಿತು. ತನ್ನ ಹೆಸರಲ್ಲೇ ಬರಬೇಕೆಂಬ ಚಪಲ, ಇನ್ನೊಬ್ಬರ ಕೈ ಸೋಕಿದರೆ ಸಹಿಸುವುದಿಲ್ಲ ಎಂದು ಮನೆಗೆ ಬಂದು ಗಂಡನ ಮುಂದೆ ಬುಸುಗುಟ್ಟಿದೆ. ಹ್ಯಾರೋದ ಗೆಳತಿಯರಿಗೆಲ್ಲ ಫೋನ್ ಮಾಡಿ ಹೇಳಿದೆ. ಆ ಮಾತುಗಳನ್ನೆಲ್ಲ ಈಗ ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಕಾಕಾ ಹೋದದ್ದು ಅದರ ಮುಂದಿನ ಚಳಿಗಾಲ. ಎರಡೇ ವಾರದ ಕಾಯಿಲೆ. ಆಸ್ಪತ್ರೆಗೆ ನೋಡಲು ಹೋದಾಗ ಹೊದಿಕೆಯ ಅಂಚನ್ನು ಮಗುಚಿ ಮಗುಚಿ ನೋಡುತ್ತಾ, “ಮಷೀನ್ ಹೊಲಗಿ” ಎಂದು ನರ್ಸಿಗೆ ದೂರು ಹೇಳುತ್ತಿದ್ದರು. ಆಕೆ ಅದನ್ನು ನೋವು ಅಂದುಕೊಂಡು ಮಾತ್ರೆ ಕೊಟ್ಟಳು.

ಹದಿಮೂರು ದಿನ ಕಳೆದ ಮೇಲೆ ಕಾಕು ನನ್ನನ್ನು ಕರೆಸಿದರು. ಊಟದ ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ. ಎದುರಿಗೆ ಕೀತ್ ಕೂತಿದ್ದ. ಆಗ ಅವನಿಗೆ ಅರವತ್ತೈದರ ಆಸುಪಾಸು. ದೊಡ್ಡ ಆಳು, ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. “ಇಂವ ಹನ್ನೊಂದಕ್ಕ ಬಂದಾನ. ಏನೋ ಕೇಳ್ತಾನ. ನನಗ ನಿಮ್ಮ ಕಾಕಾನ ಅಕ್ಷರಾ ತಿಳಿಯೂದಿಲ್ಲವಾ, ನಲವತ್ತ ವರ್ಷ ಆತು, ತಿಳಿದಿಲ್ಲ. ನೀ ಓದ” ಎಂದು ಕಾಕು ಹಸಿರು ನೋಟ್‌ಬುಕ್ಕನ್ನು ನನ್ನ ಮುಂದೆ ತಳ್ಳಿದರು. ಮುಟ್ಟಬ್ಯಾಡ ಎಂದ ದನಿ ಕಿವಿಯಲ್ಲೇ ಇತ್ತು.

ಮೊದಲ ಪುಟಗಳು ಸೂಜಿ, ದಾರ, ಮೇಣದ ವಿಚಾರ. ನಾನು ಇಂಗ್ಲಿಷಿಗೆ ಮಾಡಿ ಹೇಳುತ್ತಾ ಹೋದೆ. ಕೀತ್ ತಲೆಯಾಡಿಸುತ್ತಿದ್ದ, ಆದರೆ ಅವನ ಗಮನ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೈಯೆತ್ತಿ ತಡೆದ.

“ನಾನು ಹುಡುಕ್ತಿರೋದು ರೆಕ್ಕೆಯ ವಿಷಯ ಅಲ್ಲ. ಗ್ಲೋರಿಯಾ ಬಗ್ಗೆ ಏನಾದರೂ ಇದೆಯಾ ನೋಡಿ.”

ಗ್ಲೋರಿಯಾ ಅವನ ಹೆಂಡತಿ. ಟ್ರಿನಿಡಾಡಿನವಳು. ಯೌವನದಲ್ಲಿ ಕೀತ್ ಕೆಲಸಕ್ಕೆಂದು ಟೊರಾಂಟೋಗೆ ಹೋದಾಗ ಅಲ್ಲಿ ಅವಳನ್ನು ಮೆಚ್ಚಿ ಮದುವೆಯಾದ. ತಾಯಿಗೆ ಟಿಕೆಟ್ ಕಳಿಸಿದ್ದ. ಮದುವೆಯ ಹಿಂದಿನ ದಿನ ಟೆಲಿಗ್ರಾಂ ಬಂತು, ಜ್ವರ, ಬರಲಾಗುವುದಿಲ್ಲ ಅಂತ. ಚರ್ಚಿನಲ್ಲಿ ಅವನ ಕಡೆಯ ಬೆಂಚು ಖಾಲಿ.

“ಗ್ಲೋರಿಯಾ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಬಿಳಿ ಅತ್ತೆ ಕಪ್ಪು ಸೊಸೆಯ ಮದುವೆಗೆ ಯಾಕೆ ಬರಲಿಲ್ಲ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ವಾಪಸ್ ಬಂದ ಮೇಲೆ ಅಮ್ಮ ಅವಳನ್ನ ಚೆನ್ನಾಗೇ ನೋಡಿಕೊಂಡಳು. ಆದರೆ ಆ ಖಾಲಿ ಬೆಂಚು ಇದೆಯಲ್ಲ... ನಾನು ಅಮ್ಮನ್ನ ಒಂದು ಸಲವೂ ಕೇಳಲಿಲ್ಲ. ಹೌದು ಅಂದುಬಿಟ್ಟರೆ ಅಂತ ಭಯ. ಇವನ ಹತ್ತಿರ ಅಷ್ಟೊಂದು ಮಾತಾಡಿದ್ದಾಳೆ, ಅದನ್ನೂ ಹೇಳಿರಬಹುದು ಅಂತ.”

“ಕಾಕಾಗೆ ಇದನ್ನ ಹೇಳಿದ್ರಾ?”

“ಇಲ್ಲ. ಯಾವ ಬಾಯಲ್ಲಿ ಹೇಳಲಿ?”

ನಾನು ಪುಟ ಮಗುಚುತ್ತಾ ಹೋದೆ. ಕೊನೆಗೆ ಸಿಕ್ಕಿತು. ಮನಸ್ಸಿನಲ್ಲೇ ಓದಿಕೊಂಡೆ. ಐವಿಯ ಮಾತಿನ ಕೆಳಗೆ ಕಾಕಾ ದಪ್ಪ ಅಕ್ಷರದಲ್ಲಿ ತಮ್ಮ ಮಾತು ಬರೆದಿದ್ದರು: “ಇದನ್ನ ಕೀತಗ ಹೇಳಬ್ಯಾಡಪಾ, ನಾಚಿಕಿ ಬರ್ತೈತಿ ಅಂದ್ಲು. ಹೂಂ ಅಂದೀನಿ. ಇದನ್ನ ಬಿಟ್ಟು ಉಳದದ್ದು ಕೊಟ್ರ ಸುಳ್ಳ ಬರದಂಗ.” ಅದರ ಕೆಳಗೆ ಬೇರೆ ಬೇರೆ ಪೆನ್ಸಿಲಿನಲ್ಲಿ, ಬೇರೆ ಬೇರೆ ದಿನ ಬರೆದದ್ದು. “ಕೀತ ಕೇಳಿದ. ಮುಂದಿನ ತಿಂಗಳ ಅಂದೆ.” “ಇವತ್ತ ಮತ್ತ ಕೇಳಿದ.” “ಮತ್ತ ಕೇಳಿದ. ಅವನ ಮಾರಿ ನೋಡಲಿಲ್ಲ.” ಹೀಗೆ ಪುಟದ ತಳದ ತನಕ. ಸೋಮಾರಿ ಎಂದಿದ್ದೆನಲ್ಲ ನಾನು ಅವರನ್ನು. ಚಪಲ ಎಂದಿದ್ದೆನಲ್ಲ.

“ಏನ ಬರದಾರ?” ಕಾಕು ಕೇಳಿದರು.

ನಾನು ಕನ್ನಡದಲ್ಲೇ ಹೇಳಿದೆ. ಐವಿ ಹೇಳಿದ್ದು, ಹೇಳಬೇಡ ಎಂದದ್ದು, ಕಾಕಾ ಹೂಂ ಎಂದದ್ದು, ಎಲ್ಲ. ಕೀತ್ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಅಕ್ಷರ ಅಳಿಸಿಹೋಗಿದೆ, ಓದಲಾಗುವುದಿಲ್ಲ ಎಂದುಬಿಡಲೇ ಅನ್ನಿಸಿತು. “ಕಾಕು, ಕಾಕಾ ಮಾತು ಕೊಟ್ಟಿದ್ದಾರೆ. ಹತ್ತು ವರ್ಷ ಉಳಿಸಿಕೊಂಡಿದ್ದಾರೆ. ನಾನು ಹೇಗೆ ಮುರೀಲಿ?”

ಕಾಕು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. “ಆಕಿಗೆ ಇಂವನ ಸಂಕಟ ಗೊತ್ತಿದ್ದಿಲ್ಲ. ಇವರಿಗೂ ಗೊತ್ತಿದ್ದಿಲ್ಲ. ಗೊತ್ತಿದ್ರ ಇವರು ಅವತ್ತs ಹೇಳ್ತಿದ್ರು. ಮತ್ತ ಹೂಂ ಅಂದವರು ಇವರು. ನೀ ಅಂದೀಯೇನ? ನಾ ಅಂದೀನೇನ? ಓದ ನೀ.”

ಓದಿದೆ. ಮೊದಲು ಇಂಗ್ಲಿಷಿನಲ್ಲಿ ಹೇಳಲು ಹೋದೆ, ಕಚೇರಿಯ ಪತ್ರ ಓದಿದ ಹಾಗಾಯಿತು. ನಿಲ್ಲಿಸಿ, ಒಂದು ಸಾಲು ಕಾಕಾ ಬರೆದ ಹಾಗೆಯೇ ಕನ್ನಡದಲ್ಲಿ, ಒಂದು ಸಾಲು ಇಂಗ್ಲಿಷಿನಲ್ಲಿ ಓದುತ್ತಾ ಹೋದೆ. ಕಾಕಾ ಬರೆದದ್ದು ಇದು:

“ಎಂಟ ವರ್ಷ ರೆಕ್ಕಿ ಹೊಲದೀನಿ. ಒಮ್ಮೆ ಒಂದ ವಿಮಾನ ಬ್ಯಾಲಿ ಆಚೆ ಬಿತ್ತು. ಹೊಸದಾಗಿ ಕಲಿಯಾಕ ಬಂದ ಮನಷ್ಯಾ, ಉಳೀಲಿಲ್ಲ. ರೆಕ್ಕಿ ತಂದು ನಮ್ಮ ಶೆಡ್ಡಿನಾಗ ಒಗದ್ರು. ಬಟ್ಟಿ ಹರದಿತ್ತು. ಹರದ ಕಡೆ ನನ್ನ ಹೊಲಗಿ. ಹೊಲಗಿ ಬಿಟ್ಟು ವಿಮಾನ ಬಿತ್ತೋ, ವಿಮಾನ ಬಿದ್ದು ಹೊಲಗಿ ಬಿಡ್ತೋ, ಯಾರೂ ನನ್ನ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಮಗನ ಮದವಿಗೆ ಟಿಕೆಟ್ ಬಂತು. ಹೊಸಾ ಕೋಟ ಹೊಲಕೊಂಡೆ. ಸೊಸಿಗೆ ಅಂತ ಟೇಬಲ್ಲಿಗೆ ಹಾಸು ಬಟ್ಟಿ, ಸುತ್ತಲೂ ಹಳದಿ ಹೂವಿನ ಕಸೂತಿ, ನಾಕ ತಿಂಗಳ ಹಿಡೀತು. ಹೀಥ್ರೂ ವಿಮಾನ ನಿಲ್ದಾಣಕ್ಕ ಹೋದೆ. ಕಿಡಿಕ್ಯಾಗ ವಿಮಾನದ ರೆಕ್ಕಿ ಕಾಣತಿತ್ತು. ನನ್ನ ಹೆಸರ ಎರಡ ಸಲ ಕೂಗಿದ್ರು. ಏಳಬೇಕಂದೆ, ಕಾಲ ಏಳಲಿಲ್ಲ. ವಿಮಾನ ಹೋತು. ಬಸ್ ಹತ್ತಿ ಮನೀಗೆ ಬಂದು ಜ್ವರಾ ಅಂತ ತಾರ ಕೊಟ್ಟೆ. ಟೇಬಲ್ ಬಟ್ಟಿ ನಾ ಮಾಡೀನಿ ಅನ್ನಾಕ ಮುಂದ ಬಾಯಿ ಬರಲಿಲ್ಲ. ನಾಕ ತಿಂಗಳ ಕಸೂತಿ ಹಾಕಿದಾಕಿ ಮದವಿಗೆ ಯಾಕ ಬರಲಿಲ್ಲ ಅಂತ ಸೊಸಿ ಕೇಳಿದ್ರ? ಅವರು ತಿರಿಗಿ ಬಂದ ವರ್ಷ ಕ್ರಿಸ್‌ಮಸ್ಸಿಗೆ ಕೊಟ್ಟೆ. ಅಂಗಡ್ಯಾಗ ತಗೊಂಡೆ ಅಂದೆ.”

ಓದಿ ಮುಗಿಸಿದೆ. ಟೋಪಿ ನೆಲಕ್ಕೆ ಬಿದ್ದದ್ದು ಕೀತ್‌ಗೆ ಗೊತ್ತಾಗಲಿಲ್ಲ, ಕಾಕು ಎತ್ತಿಕೊಟ್ಟರು.

ಗ್ರಂಥಾಲಯದವರು ಆಮೇಲೆ ಕಾರ್ಪೆಟ್ ಅಂಗಡಿಯ ಗೋಡೆಗೆ ಮೈದಾನದ ನೆನಪಿಗೆಂದು ಒಂದು ಫಲಕ ಹಾಕಿದರು. ರೆಕ್ಕೆ ಹೊಲಿದ ಆರು ಹೆಂಗಸರ ಬಗ್ಗೆ ಅದರಲ್ಲಿ ಒಂದು ಸಾಲಿದೆ. ಆ ಸಾಲು ಕಾಕಾರ ನೋಟ್‌ಬುಕ್ಕಿನದು. ಅಲ್ಲಿ ಹೋದಾಗಲೆಲ್ಲ ಕಾಕಾ, ನಿಮ್ಮ ಮಾತು ಮುರಿದವಳು ನಾನು, ಬೈಯುವುದಿದ್ದರೆ ನನಗೆ ಬೈಯಿರಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಹತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ನಮ್ಮ ಕೈಲಿ ಸೋಮಾರಿ ಅನ್ನಿಸಿಕೊಂಡ ಮನುಷ್ಯ. ಅವರು ಇಲ್ಲದ್ದು ಇವತ್ತಿಗೂ ನನಗೆ ಸಂಕಟವೇ.

ಆ ದಿನ ಕಾಕು ಎತ್ತಿಕೊಟ್ಟ ಟೋಪಿಯನ್ನು ಕೀತ್ ಮೇಜಿನ ಮೇಲಿಟ್ಟ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಗುಂಡಿಗಳನ್ನು ಒಂದೊಂದಾಗಿ ಒತ್ತಿ ಹೆಂಡತಿಗೆ ಫೋನ್ ಮಾಡಿದ.

“ಗ್ಲೋರಿಯಾ, ಅಮ್ಮ ಹೀಥ್ರೂ ತನಕ ಬಂದಿದ್ದಳಂತೆ. ಹೊಸ ಕೋಟು ಹಾಕಿಕೊಂಡು. ಹತ್ತೋಕೆ ಹೆದರಿಕೆಯಾಗಿ ಕೂತುಬಿಟ್ಟಳಂತೆ.” ಫೋನನ್ನು ಇನ್ನೊಂದು ಕಿವಿಗೆ ಹಿಡಿದ. “ಮತ್ತೆ ಆ ಹಳದಿ ಹೂವಿನ ಮೇಜಿನ ಬಟ್ಟೆ ಇದೆಯಲ್ಲ, ಅದು ಅಂಗಡಿಯದಲ್ಲವಂತೆ. ನಿನಗೆ ಅಂತ ನಾಲ್ಕು ತಿಂಗಳು ಕೂತು ಕಸೂತಿ ಹಾಕಿದ್ದಂತೆ.”

ಲೈನ್ ಕಡಿದುಹೋಯಿತೇ ಎಂದು ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ. ಅಷ್ಟರಲ್ಲಿ ಮೇಜಿನ ಈಚೆ ಕೂತ ನಮಗೂ ಕೇಳಿಸುವಷ್ಟು ಜೋರಾಗಿ, ಅಳುವ ದನಿಯಲ್ಲಿ ಗ್ಲೋರಿಯಾ ಕೂಗಿದಳು:

“ಅಯ್ಯೋ ದೇವರೇ, ಇಷ್ಟು ವರ್ಷ ನಾನು ಅದರ ಮೇಲೆ ಬಿಸಿ ಪಾತ್ರೆ ಇಟ್ಟೆನಲ್ಲ!”